ಮುಂದೆ ಯಾರೂ ಇಲ್ಲ

"ಜಶೋದಾನಗರದಾಗ ಹೆಲ್ಮೆಟ್ ನೋಡ್ಲಿಕ್ಕತ್ತಾರ, ಸಿಟಿಎಂ ಹತ್ರ ಕಾಗದಪತ್ರ," ಎಂದು ವಾಸುದೇವರು ಅವಲಕ್ಕಿ ಅಗಿಯುತ್ತಲೇ ಸಾರಿದರು. "ಕಾಂಕರಿಯಾ ಕಡೆ ಸಾಫ್ ಅದ. ಇವತ್ತ ಆ ಕಡೆಯಿಂದನ ಹೋಗೂದು."

ತಾಟಿನ ಪಕ್ಕ ಲೋಟಕ್ಕೆ ಒರಗಿಸಿಟ್ಟ ಫೋನು ಹಿಂದಿಯಲ್ಲಿ ಇನ್ನೂ ಗಟ್ಟಿಯಾಗಿ ಮಾತಾಡುತ್ತಿತ್ತು.

"ಮೊದಲ ಅದರ ಬಾಯಿ ಮುಚ್ಚರಿ," ಎಂದರು ವೈದೇಹಿ ಒಳಗಿನಿಂದ. "ದೇವರ ಪೂಜಿ ಆಗಿಲ್ಲ, ಬೆಳಗಾದ್ರ ಪೊಲೀಸರ ಹೆಸರು."

"ಪೊಲೀಸರ ಹೆಸರಲ್ಲ, ಪೊಲೀಸರಿಂದ ಉಳಿಸೋರ ಹೆಸರು. ಯಾವನೋ ಏನೋ, ಗುರ್ತಿಲ್ಲ ಪರಿಚಯಿಲ್ಲ, ನಸುಕಿನಾಗ ಎದ್ದು ಮಂದಿಗೆ ಹೇಳ್ತಾನ, ಅಲ್ಲೆ ನಿಂತಾರ, ಹೋಗಬ್ಯಾಡ್ರಿ ಅಂತ. ಇಂಥಾ ಉಪಕಾರ ನಿನ್ನ ತವರುಮನಿಯವ್ರು ಒಂದರ ಮಾಡ್ಯಾರೇನು?"

"ಅವರ ಉಪಕಾರ ಅದನಲಾ, ನನ್ನನ್ನ ನಿಮಗ ಕೊಟ್ಟದ್ದು."

ಸೊಸೆ ಅರ್ಪಿತಾ ಡಬ್ಬಿಗೆ ಚಪಾತಿ ತುಂಬಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು. ಅವಳು ವಡೋದರಾದ ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ದಿನಾ ಅಹಮದಾಬಾದಿನ ಮಣಿನಗರ ಸ್ಟೇಷನ್ನಿಗೆ ನಡೆದು ಹೋಗಿ, ಪಾಸಿನವರ ಬೋಗಿಯಲ್ಲಿ ನಿಂತು ಹೋಗಿ ನಿಂತು ಬರುವವಳು. ಗಂಡ ಯಶವಂತ್ ಸೂರತ್ತಿನ ವರಾಛಾದಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂಡುತ್ತಿದ್ದ. ಶನಿವಾರ ರಾತ್ರಿ ಬಂದರೆ ಸೋಮವಾರ ಬೆಳಗಿನ ಗಾಡಿ. ಹಾಗಾಗಿ ಮಗಳು ಮನಸ್ವಿನಿಯನ್ನು ಶಾಲೆಗೆ, ಶನಿವಾರ ಬೋಡಕ್‌ದೇವ್‌ನ ಚೆಸ್ ಕ್ಲಾಸಿಗೆ ಕರೆದೊಯ್ಯುವುದು ಅಜ್ಜನ ಕೆಲಸ, ಅಜ್ಜನ ಕಾರು.

ವಾಸುದೇವರು ರೈಲ್ವೆಯಲ್ಲಿ ಇಂಜಿನ್ ಡ್ರೈವರ್ ಆಗಿದ್ದವರು. ಧಾರವಾಡದಿಂದ ಬಂದು ವಡೋದರಾದಲ್ಲಿ ಸೇರಿ, ಅತ್ತ ಸೂರತ್ತು ಇತ್ತ ಅಹಮದಾಬಾದು ಎಂದು ಆಯುಷ್ಯವೆಲ್ಲ ಗಾಡಿ ಓಡಿಸಿ, ಮಣಿನಗರದಲ್ಲಿ ಮನೆ ಮಾಡಿದರು. ನಿವೃತ್ತಿಗೆ ಕೆಲವು ವರ್ಷ ಮೊದಲೇ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ, ಇಂಜಿನ್ನಿನಿಂದ ಇಳಿಸಿ ಆಫೀಸಿನ ಕುರ್ಚಿಗೆ ಹಾಕಿದ್ದನ್ನು ಅವರು ಯಾರ ಮುಂದೆಯೂ ಹೇಳುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಆಮೇಲೂ ಸುಮ್ಮನಿರಲಿಲ್ಲ. ಕಾರಿನ ಲೈಸೆನ್ಸಿನ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಹೊಸದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ. ಹೀಗಾಗಿ ಅವರು ಡಾಕ್ಟರ ಹತ್ತಿರವೂ ಹೋಗಲಿಲ್ಲ, ಪೊಲೀಸರು ನಿಂತ ರಸ್ತೆಗೂ ಹೋಗಲಿಲ್ಲ.

ಆ ಎರಡನೆಯ ಕೆಲಸವನ್ನು ಸುಲಭ ಮಾಡಿದ್ದು 'ಆಗಳ್' ಎಂಬ ಆ್ಯಪು. ಆಗಳ್ ಎಂದರೆ ಗುಜರಾತಿಯಲ್ಲಿ ಮುಂದೆ ಎಂದರ್ಥ. ರಸ್ತೆಯ ಮೇಲೆ ಪೊಲೀಸರನ್ನು ಕಂಡವರು ಅದರಲ್ಲಿ ಕೆಂಪು ಚುಕ್ಕೆ ಇಡುತ್ತಾರೆ. ಅದು ಆ ಕಡೆ ಬರುವ ಎಲ್ಲರ ಫೋನಿನಲ್ಲೂ ಕೂಗುತ್ತದೆ. ಪೊಲೀಸರು ಎದ್ದು ಹೋದ ಮೇಲೆ ಮೂವರು 'ಹೋದರು' ಎಂದು ಒತ್ತಿದರೆ ಚುಕ್ಕೆ ಎಲ್ಲರ ಫೋನಿನಿಂದಲೂ ಅಳಿಸಿಹೋಗುತ್ತದೆ. ಒತ್ತಿದವರು ಯಾವ ಊರಿನಲ್ಲಿದ್ದಾರೆ ಎಂದು ಆ್ಯಪು ಕೇಳುವುದಿಲ್ಲ. ವಾಸುದೇವರು ಮೊಮ್ಮಗಳಿಂದ ಮನೆಯವರೆಲ್ಲರ ಫೋನಿಗೂ, ಅವಳ ಟ್ಯಾಬಿಗೂ ಅದನ್ನು ಹಾಕಿಸಿದ್ದರು.

ಸಂಕ್ರಾಂತಿಯ ಉತ್ತರಾಯಣ ಹಬ್ಬ ಮುಗಿದ ಮರುವಾರ, ಇನ್ನೂ ತಂತಿಗಳಲ್ಲಿ ಹರಿದ ಗಾಳಿಪಟಗಳು ಜೋತಾಡುತ್ತಿದ್ದ ಒಂದು ಶನಿವಾರ, ಅರ್ಪಿತಾಳಿಗೆ ರಜೆ ಸಿಕ್ಕಿತು. ಚೆಸ್ ಕ್ಲಾಸಿನ ಟೀಚರನ್ನು ಒಮ್ಮೆ ನೋಡಿದ ಹಾಗಾಯಿತು ಎಂದು ಅವಳೂ ಕಾರು ಹತ್ತಿದಳು. ಮುಂದಿನ ಸೀಟು ಮಗಳದು, ಅದನ್ನು ಅವಳು ಬಿಟ್ಟುಕೊಡಲಿಲ್ಲ.

"ಮಮ್ಮೀ, ನೀ ಪೀಛೇ ಕೂಡು. ನಾನು ಅಜ್ಜನ ಅಸಿಸ್ಟೆಂಟ್."

ಕಾರು ಹೊರಟಿತು. ಮನಸ್ವಿನಿ ಬೆನ್ನು ನೆಟ್ಟಗೆ ಮಾಡಿ ಕೂತು ಕೂಗುತ್ತಿದ್ದಳು: "ಲೀಲೋ, ಅಜ್ಜಾ!"

"ಲೀಲೋ," ಎಂದು ಅಜ್ಜ ತಿರುಗಿ ಹೇಳುತ್ತಿದ್ದರು. ಲೀಲೋ ಎಂದರೆ ಹಸಿರು.

"ಬಂಪ್!"

"ಬಂಪ್."

"ಲಾಲ್, ಅಜ್ಜಾ. ಆಗೇ ಆಟೋ ನಿಂತದ."

"ಲಾಲ್. ಆಟೋ."

"ಇದೇನ ಆಟಾ?" ಎಂದು ಅರ್ಪಿತಾ ನಕ್ಕಳು.

"ಆಟ ಅಲ್ಲವ್ವಾ, ಪದ್ಧತಿ," ಎಂದರು ವಾಸುದೇವರು. "ಇಂಜಿನ್ನಿನಾಗ ಅಸಿಸ್ಟೆಂಟ್ ಸಿಗ್ನಲ್ ನೋಡಿ ಕೂಗಬೇಕು, ಡ್ರೈವರ್ ಅದನ್ನ ತಿರುಗಿ ಹೇಳಬೇಕು. ಎರಡು ಬಾಯಿ ಒಂದ ಮಾತು ಹೇಳಿದ್ರ ಗಾಡಿ ಮುಂದ. ಇಕಿ ಭಾಳ ಚಲೋ ಕೂಗ್ತಾಳ. ನನ್ನ ಸರ್ವಿಸಿನಾಗ ಇಂಥಾ ಅಸಿಸ್ಟೆಂಟ್ ಒಬ್ಬನೂ ಸಿಕ್ಕಿರಲಿಲ್ಲ."

ಸೇತುವೆ ದಾಟಿದ ಮೇಲೆ ಫೋನು ಏನೋ ಕೂಗಿತು. ಮನಸ್ವಿನಿ ಅದರ ಮೇಲೆ ಬಗ್ಗಿ ಅಜ್ಜನ ಪರವಾಗಿ ಯಾರಿಗೋ ಧನ್ಯವಾದ ಒತ್ತುತ್ತಿದ್ದಳು. ಅಷ್ಟರಲ್ಲಿ ಎದುರಿನ ದೀಪ ಕೆಂಪಾಯಿತು. ಕಾರು ನಿಲ್ಲಲಿಲ್ಲ. ಅಡ್ಡ ಬಂದ ಸಿಟಿ ಬಸ್ಸು ಕಿರುಚಿ ನಿಂತಿತು. ಕಡಲೆಕಾಯಿಯ ಕೈಗಾಡಿಯವನು ಗಾಡಿ ಬಿಟ್ಟು ಪಕ್ಕಕ್ಕೆ ಹಾರಿದ. ಅರ್ಪಿತಾಳ ಹಣೆ ಮುಂದಿನ ಸೀಟಿಗೆ ಬಡಿಯಿತು.

ವಾಸುದೇವರು ಮೊಮ್ಮಗಳ ಕಡೆ ತಿರುಗಿದರು. "ಕೆಂಪು ಇತ್ತಲ್ಲಾ, ಯಾಕ ಹೇಳಲಿಲ್ಲ ನೀ?"

"ಸಾರಿ ಅಜ್ಜಾ."

"ಸಾರಿ ಅಂದ್ರ ಆತೇನು? ಕೆಲಸದ ಮ್ಯಾಲೆ ಲಕ್ಷ್ಯ ಇರಬೇಕು!"

ಬೈಸಿಕೊಂಡು ಹುಡುಗಿ ತುಟಿ ಕಚ್ಚಿ ಮುಂದೆ ನೋಡತೊಡಗಿತು. ಹಿಂದೆ ಕೂತ ಅರ್ಪಿತಾಳಿಗೆ ಆಗ ತಿಳಿಯಿತು. ಇಷ್ಟು ದಿನ ಕಾರು ಓಡಿಸುತ್ತಿದ್ದುದು ಹನ್ನೆರಡು ವರ್ಷದ ತನ್ನ ಮಗಳು.

ಮರುದಿನ ಮಾಳಿಗೆಯ ಮೇಲೆ ಯಶವಂತ್, ಅರ್ಪಿತಾ ಮೆಣಸಿನಕಾಯಿ ಒಣಹಾಕುವ ನೆವದಲ್ಲಿ ನಿಂತು ಮಾತಾಡಿದರು.

"ನಾಳೆಯಿಂದ ಮನೂನ ಅವರ ಜೋಡಿ ಕಳಸೂದಿಲ್ಲ," ಎಂದಳು ಅರ್ಪಿತಾ.

"ಕಳಸಬ್ಯಾಡ. ಆಗ ಒಬ್ಬರ ಹೊಡೀತಾರ. ಈಗ ಎರಡು ಕಣ್ಣರ ಅವ."

"ಹಂಗಾರ ನೀವು ಹೇಳ್ರಿ. ನಿಮ್ಮಪ್ಪ ಅವರು."

"ಹೋದ ಸಲ ಕೀಲಿ ಮುಚ್ಚಿಟ್ಟಾಗ ಏನಾತು? ಎರಡು ದಿನ ಊಟ ಬಿಟ್ರು. ಮಗಾ ಕಾರು ಕಸಗೊಂಡಾನ, ನನ್ನ ಪಿಎಫ್ ರೊಕ್ಕದ ಕಾರು ಅಂತ ಧಾರವಾಡದ ಎಲ್ಲಾರಿಗೂ ಫೋನ್ ಹಚ್ಚಿದ್ರು. ನನಗ ಕಾಕಾನಿಂದ ಬೈಗುಳ. ನಾ ಹೇಳೂದಿಲ್ಲ."

"ಮತ್ತ ಯಾರು ಹೇಳಬೇಕು? ನಾ ಹೇಳಿದ್ರ ಸೊಸಿ ಹೇಳಿದ್ಲು ಅಂತಾರ."

ಯಶವಂತ್ ಒಂದು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ನಿಂತ. ಮನೆಯವರ ಮಾತಿಗೆ ಬಗ್ಗದ ಮನುಷ್ಯ ಖಾಕಿ ಬಟ್ಟೆಯ ಮಾತಿಗೆ ಬಗ್ಗುತ್ತಾನೆ ಎಂದು ಅವನಿಗೆ ಗೊತ್ತಿತ್ತು.

"ಪೊಲೀಸರು ಹೇಳಲಿ," ಎಂದ. "ಸರ್ಕಾರಿ ಮನುಷ್ಯಾ. ಸರ್ಕಾರ ಹೇಳಿದ್ರ ಕೇಳ್ತಾರ. ಒಮ್ಮೆ ಹಿಡಿದ್ರ ಕಾರು ಒಯ್ತಾರ. ಬಿಡಿಸಿಕೊಂಡು ಬರಲಿಕ್ಕೆ ನಾ ಹೋಗ್ತೀನಿ, ಹಂಗ ಸೂರತ್ತಿಗೆ ಒಯ್ತೀನಿ. ಯಾರದೂ ಹೆಸರು ಕೆಡೂದಿಲ್ಲ."

"ಅವರು ಪೊಲೀಸರಿದ್ದ ದಾರಿಗೆ ಹೋದ್ರಲಾ? ಆ ಹಾಳ ಆ್ಯಪ್ ಅದನಲ್ಲ."

"ಅಳಸಲಿಕ್ಕೆ ಮೂರ ಮಂದಿ ಸಾಕು," ಎಂದ ಯಶವಂತ್. "ನಾ ಒಬ್ಬ, ನೀ ಒಬ್ಬಾಕಿ. ಅವ್ವಗ ಬ್ಯಾಡ, ಅಕಿ ಬಾಯಾಗ ಮಾತು ನಿಲ್ಲೂದಿಲ್ಲ."

ಮೂರನೆಯವರು ಯಾರು ಎಂದು ಅರ್ಪಿತಾ ಕೇಳಲಿಲ್ಲ. "ಸಣ್ಣ ಹುಡುಗಿರೀ," ಎಂದಳಷ್ಟೆ.

"ಸಣ್ಣ ಹುಡುಗಿ ಅಂತನ ಹೇಳ್ಲಿಕ್ಕತ್ತೇನಿ. ಸಾಯಲಿ ಏನು?"

ಕೆಲಸ ಮಾತ್ರ ಅರ್ಪಿತಾಳ ಪಾಲಿಗೇ ಬಂತು. ಸಂಜೆ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಹೇಳಿದಳು. ಹುಡುಗಿ ಮೊದಲು ನಕ್ಕಿತು, ಆಮೇಲೆ ತಲೆ ಕೊಸರಿಕೊಂಡಿತು.

"ನಹೀಂ. ನಾ ಅಜ್ಜಗೆ ಝೂಟ್ ಹೇಳೋದಿಲ್ಲ. ಅಸಿಸ್ಟೆಂಟ್ ಝೂಟ್ ಹೇಳಿದ್ರೆ ಆಕ್ಸಿಡೆಂಟ್ ಆಗ್ತದೆ."

"ನಿನ್ನೆ ಕೆಂಪು ಹೇಳಲಿಲ್ಲಲಾ ನೀ? ಆ ಕೈಗಾಡಿಯಂವ ಸತ್ತಿದ್ರ ಅಜ್ಜನ್ನ ಜೇಲಿಗೆ ಹಾಕ್ತಿದ್ರು. ಯಾರ ಸಲುವಾಗಿ? ನಿನ್ನ ಸಲುವಾಗಿ."

ಹುಡುಗಿ ಎಣ್ಣೆಯ ಬಟ್ಟಲಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿತು.

"ಪೊಲೀಸ್ ಅಂಕಲ್ ಬರೀ ತಿಳಿಸಿ ಹೇಳ್ತಾರ. ಅಜ್ಜಗ ಏನೂ ಮಾಡೂದಿಲ್ಲ."

"ಪ್ರಾಮಿಸ್?"

"ಹೂಂ, ಪ್ರಾಮಿಸ್. ಅಲುಗಾಡಬ್ಯಾಡ, ಜಡಿ ಸೊಟ್ಟ ಆಗ್ತದ."

ಬುಧವಾರ ಬೆಳಿಗ್ಗೆ ಶಾಲೆಯ ದಾರಿಯಲ್ಲಿದ್ದ ಓವರ್‌ಬ್ರಿಜ್ ಇಳಿಯುವಲ್ಲಿ ಕೆಂಪು ಚುಕ್ಕೆ ಬಿತ್ತು. 'ಲೈಸೆನ್ಸ್, ಎಲ್ಲಾ ಗಾಡಿ' ಎಂದು ಯಾರೋ ಬರೆದಿದ್ದರು. ವರಾಛಾದಲ್ಲಿ ವಜ್ರದ ಕಾರ್ಖಾನೆಗಳಿಗೆ ಹೋಗುವವರ ಗುಂಪಿನ ನಡುವೆ ಚಹಾ ಕುಡಿಯುತ್ತ ನಿಂತಿದ್ದ ಯಶವಂತ್ ಅದನ್ನು ನೋಡಿ, 'ಹೋದರು' ಎಂದು ಒತ್ತಿ, ಹೆಂಡತಿಗೆ ಫೋನು ಮಾಡಿದ. ಅರ್ಪಿತಾ ಆಣಂದ್ ದಾಟಿದ ಗಾಡಿಯಲ್ಲಿ ಬಾಗಿಲ ಹತ್ತಿರ ನಿಂತಿದ್ದಳು. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಒತ್ತಿದಳು. ಪಕ್ಕದಲ್ಲಿ ಕೂತ ಪಾಸಿನ ಗೆಳತಿಯರು ಥೇಪ್ಲಾ ಹಂಚುತ್ತಿದ್ದರು. ತನ್ನ ಪಾಲಿನದನ್ನು ಈಸಿಕೊಂಡು ತಿಂದಳು.

ಮಣಿನಗರದಲ್ಲಿ ಕಾರು ಗಲ್ಲಿ ಬಿಟ್ಟು ದೊಡ್ಡ ರಸ್ತೆಗೆ ಬಂದಿತ್ತು. ಅಜ್ಜನ ಫೋನು ಮನಸ್ವಿನಿಯ ತೊಡೆಯ ಮೇಲಿತ್ತು. ಅವಳ ಟ್ಯಾಬು ಶಾಲೆಯ ಚೀಲದಲ್ಲಿತ್ತು. ಫೋನು ಕೂಗಿತು: ಮುಂದೆ ಪೊಲೀಸ್ ತಪಾಸಣೆ.

"ಓವರ್‌ಬ್ರಿಜ್ ಕೆಳಗೇನು?" ಎಂದು ವಾಸುದೇವರು ಗಾಡಿ ಎಡಕ್ಕೆ ಹಾಕಿದರು. "ಹಿಂದಿನ ಓಣಿಗುಂಟ ಹೋಗೋಣು."

ಮನಸ್ವಿನಿ ಚೀಲದೊಳಗೆ ಕೈಹಾಕಿ ಟ್ಯಾಬಿನ ಮೇಲೆ ಒತ್ತಿದಳು. ಫೋನು ಮತ್ತೆ ಕೂಗಿತು: ದಾರಿ ತೆರವಾಗಿದೆ.

"ಆಂ? ಇಷ್ಟ ಲಗೂ ಎದ್ದು ಹೋದ್ರ?" ಅವರು ಗಾಡಿ ನಿಲ್ಲಿಸಿದರು. "ಖರೇನ ಮನು? ನೋಡಿ ಹೇಳು."

ಹುಡುಗಿ ಗಾಜಿನ ಹೊರಗೆ ನೋಡುತ್ತ, "ಆಗಳ್ ಕೋಈ ನಥೀ, ಅಜ್ಜಾ," ಎಂದಳು. ಮುಂದೆ ಯಾರೂ ಇಲ್ಲ.

"ಕೋಈ ನಥೀ," ಎಂದು ಅಜ್ಜ ತಿರುಗಿ ಹೇಳಿ, ಗೇರು ಹಾಕಿ ಬ್ರಿಜ್ ಹತ್ತಿಸಿದರು.

ಕೆಳಗೆ ಹಳದಿ ಬ್ಯಾರಿಕೇಡುಗಳ ಹಿಂದೆ ಪೊಲೀಸರು ಸಾಲಾಗಿ ನಿಂತಿದ್ದರು. ಒಬ್ಬ ಕೈ ಅಡ್ಡ ಹಿಡಿದ. ವಾಸುದೇವರಿಗೆ ಅದು ಕಂಡದ್ದು ತೀರ ಹತ್ತಿರ ಬಂದ ಮೇಲೆ. ಬ್ರೇಕು ಬಿದ್ದಾಗ ಬ್ಯಾರಿಕೇಡಿಗೂ ಕಾರಿಗೂ ನಡುವೆ ಒಂದು ಗೇಣು ಉಳಿದಿತ್ತು.

"ಕಾಕಾ, ಕಾಣೂದಿಲ್ಲೇನು?" ಎಂದು ಅವನು ಹಿಂದಿಯಲ್ಲಿ ಗದರಿ ಲೈಸೆನ್ಸು ಈಸಿಕೊಂಡ. ನೋಡಿದ, ತಿರುಗಿಸಿ ನೋಡಿದ, ಪಕ್ಕದಲ್ಲಿದ್ದ ಹೆಣ್ಣು ಅಧಿಕಾರಿಯ ಕೈಗೆ ಕೊಟ್ಟ.

ಆಕೆ ಚಿಕ್ಕ ವಯಸ್ಸಿನವಳು. ದನಿ ಏರಿಸಲಿಲ್ಲ. "ಇದು ಯಾವಾಗಲೋ ಮುಗಿದಿದೆ ಕಾಕಾ. ಕೆಳಗಿಳೀರಿ. ಕನ್ನಡಕ ಇದೆಯಾ? ಸರಿ, ಅಲ್ಲಿ ನಿಂತಿರೋ ಬಸ್ಸಿನ ಬೋರ್ಡು ಓದಿ ನೋಡೋಣ."

"ನಾ ರೈಲ್ವೆ ಡ್ರೈವರ್ ಇದ್ದೆ," ಎಂದರು ವಾಸುದೇವರು ಹಿಂದಿಯಲ್ಲಿ. "ರಾಜಧಾನಿ ಹೊಡದಂವ."

"ಗೊತ್ತಾಯಿತು. ಬೋರ್ಡು ಓದಿ."

ಅವರು ಬಸ್ಸಿದ್ದ ದಿಕ್ಕಿಗೆ ಮುಖ ಮಾಡಿ ನಿಂತರು. ಕಾರಿನ ಕಿಟಕಿಯಿಂದ ಸಣ್ಣ ದನಿ ಬಂತು: "ಲಾಲ್ ದರವಾಜಾ."

"ಲಾಲ್ ದರವಾಜಾ," ಎಂದರು ವಾಸುದೇವರು ಗಟ್ಟಿಯಾಗಿ.

ದಂಡ ಕಟ್ಟಲು ನಿಂತಿದ್ದ ಸ್ಕೂಟರಿನ ಹುಡುಗರು ಹೋ ಎಂದು ನಕ್ಕರು. ಅಧಿಕಾರಿ ಕಾರಿನ ಹತ್ತಿರ ಬಂದು ಕಿಟಕಿಯೊಳಗೆ ನೋಡಿದಳು. ಗಾಜು ಏರಿಸಲು ಹೇಳಿ, ಗಾಜು ಪೂರ್ತಿ ಮುಚ್ಚುವವರೆಗೂ ಕಾಯ್ದು ನಿಂತು, "ಈಗ ಬಸ್ಸಿನ ನಂಬರ್ ಹೇಳಿ," ಎಂದಳು.

ವಾಸುದೇವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದರು. ಒಬ್ಬ ಹುಡುಗ ಎರಡು ಬೆರಳು ತೋರಿಸಿ, "ಕಾಕಾ, ಎಷ್ಟು?" ಎಂದ. ಮತ್ತೆ ನಗು. ಗಾಜಿನ ಒಳಗೆ ಮನಸ್ವಿನಿಯ ಬಾಯಿ ತೆರೆದು ಮುಚ್ಚುತ್ತಿತ್ತು, ಹೊರಗೆ ಏನೂ ಕೇಳಿಸುತ್ತಿರಲಿಲ್ಲ.

ಕ್ರೇನು ಬಂದು ಕಾರನ್ನು ಎತ್ತಿಕೊಂಡು ಹೋಯಿತು. ಅಜ್ಜ ಮೊಮ್ಮಗಳು ಫುಟ್‌ಪಾತಿನ ಮೇಲೆ ಆಟೋಕ್ಕಾಗಿ ನಿಂತರು. ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿತ್ತು.

"ಅಳಬ್ಯಾಡ, ನಿಂದೇನು ತಪ್ಪದ?" ಎಂದರು ವಾಸುದೇವರು, ಅದರ ಬೆನ್ನ ಮೇಲೆ ಕೈಯಾಡಿಸುತ್ತ. "ಅವರು ಎದ್ದು ಹೋಗಿ ತಿರುಗಿ ಬಂದು ಕೂತಾರ. ಅಷ್ಟರಾಗ ಪಾಪ ಯಾರೋ ಅಳಿಸ್ಯಾರ. ಬ್ಯಾರೆ ಮಂದಿನೂ ಸಿಕ್ಕ್ರು ನೋಡು, ನಾವೊಬ್ರ ಅಲ್ಲ."

ಶನಿವಾರ ಯಶವಂತ್ ದಂಡ ಕಟ್ಟಿ ಕಾರು ಬಿಡಿಸಿಕೊಂಡು ಬಂದವನು ಬಾಗಿಲಲ್ಲೇ ಚೀಲ ಇಟ್ಟು, "ಏನಪ್ಪಾ ಇದು? ಆ ಆ್ಯಪ್ ಇತ್ತಲ್ಲ ನಿಮ್ಮದು?" ಎಂದ.

"ಆ್ಯಪಿನ ತಪ್ಪಲ್ಲ. ಮಂದಿ ಚಲೋರ ಇದ್ದಾರ. ಒಮ್ಮೊಮ್ಮೆ ಹಂಗ ಆಗ್ತದ."

"ಕಾರು ನನ್ನ ಕಡೆ ಇರಲಿ ಬಿಡ್ರಿ. ಇನ್ನೊಮ್ಮೆ ಸಿಕ್ಕ್ರ ಜೇಲು ಅಂದಾರ."

"ಹೌದೇನು? ಜೇಲು ಅಂದ್ರ?"

"ಹೂಂ, ಸ್ಪಷ್ಟ ಅಂದ್ರು."

ಯಾರೂ ಹಾಗೆ ಹೇಳಿರಲಿಲ್ಲ. ವಾಸುದೇವರು ಎರಡನೆಯ ಕೀಲಿಯನ್ನೂ ತಂದು ಮಗನ ಅಂಗೈಯಲ್ಲಿಟ್ಟರು. ಅಷ್ಟು ಸಲೀಸಾಗಿ ಮುಗಿದದ್ದಕ್ಕೆ ಯಶವಂತ್ ಖುಷಿಪಟ್ಟು, ಆ ರವಿವಾರ ಕಾರಿನಲ್ಲೇ ಸೂರತ್ತಿಗೆ ಹೋದ.

ಮನಸ್ವಿನಿಗೆ ಶಾಲೆಯ ವ್ಯಾನು ಗೊತ್ತಾಯಿತು. ಬೋಡಕ್‌ದೇವ್ ದೂರವೆಂದು ಚೆಸ್ ನಿಂತಿತು. ಅಜ್ಜ ನಾಲ್ಕಾರು ದಿನ ಬೆಳಗಿನ ಅವಲಕ್ಕಿಗೆ ಫೋನು ತಂದಿಟ್ಟುಕೊಂಡರು. ಚುಕ್ಕೆಗಳು ಕೂಗುತ್ತಿದ್ದವು. ಆಮೇಲೆ ಫೋನನ್ನು ತರುವುದು ಬಿಟ್ಟರು.

ಮನೆಯಲ್ಲಿ ಕೂತ ಗಂಡಸಿಗೆ ವೈದೇಹಿ ಕೆಲಸ ಹಚ್ಚತೊಡಗಿದರು. ಡ್ಯೂಟಿ ಎಂದು ರಾತ್ರಿ ಹಗಲು ಹೊರಗಿದ್ದು, ಮನೆಗೆ ಬಂದಾಗ ನಿನಗೇನು ತಿಳೀತದ ಎಂದು ಆಯುಷ್ಯವೆಲ್ಲ ಬಾಯಿ ಮುಚ್ಚಿಸಿದ ಗಂಡ ಈಗ ಅಡಿಗೆಮನೆಯ ಹೊಸ್ತಿಲಲ್ಲಿ ಸಿಕ್ಕಿದ್ದ.

"ಡ್ರೈವರ್ ಸಾಹೇಬ್ರ, ಹಾಲು ತಗೊಂಡ ಬರ್ರಿ. ದಾರ್ಯಾಗ ಸಿಗ್ನಲ್ ಇಲ್ಲ, ಅಂಜಬ್ಯಾಡ್ರಿ."

"ಡ್ರೈವರ್ ಸಾಹೇಬ್ರ, ಈ ಅಕ್ಕಿ ಆರಸ್ರಿ. ಹಳ್ಳು ಇರ್ತಾವ, ಕಂಡ್ರ ಹೇಳ್ರಿ."

ಅರ್ಪಿತಾ ಕೇಳಿಸಿಕೊಂಡು, ಕೇಳಿಸದವಳಂತೆ ಡಬ್ಬಿ ಕಟ್ಟುತ್ತಿದ್ದಳು. ಒಮ್ಮೆ ತಡೆಯಲಾರದೆ, "ಅತ್ತೀ, ಸಾಕು ಬಿಡ್ರಿ," ಎಂದದ್ದಕ್ಕೆ, "ನೀ ನಿನ್ನ ಗಾಡಿ ಹಿಡಿಯವ್ವಾ. ಮನ್ಯಾಗ ಇರೂವಾಕಿ ನಾ," ಎಂಬ ಉತ್ತರ ಬಂತು.

ಮನಸ್ವಿನಿ ಅಜ್ಜನ ಹತ್ತಿರ ಸುಳಿಯುವುದು ಕಡಿಮೆಯಾಗಿತ್ತು. ಅವರು ಕರೆದರೆ ಹೋಂವರ್ಕ್ ಎನ್ನುತ್ತಿತ್ತು. ಅನ್ನ ಕೈಯಲ್ಲೇ ಹಿಡಿದು ಕೂಡುತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿ ಹತ್ತಿರ ಕೂರಿಸಿಕೊಂಡು, ಶಾಲೆಯಲ್ಲಿ ಯಾರಾದರೂ ಹೊಡೆದರೇನು ಎಂದು ಕೇಳಿದಾಗ, ಹುಡುಗಿ ಅವರ ಸೀರೆಯಲ್ಲಿ ಮುಖ ಹುದುಗಿಸಿ ಎಲ್ಲವನ್ನೂ ಹೇಳಿಬಿಟ್ಟಿತು. ಟ್ಯಾಬು, ಚೀಲ, ಮಮ್ಮಿಯ ಪ್ರಾಮಿಸ್, ಎಲ್ಲಾ.

"ಅಜ್ಜಗೆ ಹೇಳಬೇಡ ಅಜ್ಜಿ. ಕಸಮ್."

"ಹೇಳೂದಿಲ್ಲವ್ವಾ ನನ ಬಂಗಾರ. ಯಾರಿಗೂ ಹೇಳೂದಿಲ್ಲ."

ಅವರು ಒಂದು ವಾರ ಹೇಳಲಿಲ್ಲ. ತನ್ನೊಬ್ಬಳನ್ನು ಬಿಟ್ಟು ಮಗ ಸೊಸೆ ಮೊಮ್ಮಗಳು ಎಲ್ಲರೂ ಕೂಡಿ ಮಾಡಿದ ಕೆಲಸ ಎಂಬ ಸಿಟ್ಟು ಒಳಗೇ ಕುದಿಯುತ್ತಿತ್ತು. ಒಂದು ಬೆಳಿಗ್ಗೆ ವಾಸುದೇವರು ಸುಲಿದುಕೊಟ್ಟ ಬಟಾಣಿಯನ್ನು ಒಗ್ಗರಣೆಗೆ ಸುರಿಯಲು ಹೋದರೆ ಅದರಲ್ಲಿ ಹುಳ ಹರಿದಾಡುತ್ತಿದ್ದವು.

"ಇದನ್ನ ಸುಲಿಯೂದೇನು? ಹುಳಾ ಕೂಡ ಸುಲದು ಹಾಕೀರಿ!"

"ಸಣ್ಣ ಹುಳಾ. ಯಾರಿಗೂ ಕಾಣೂದಿಲ್ಲ."

"ಯಾರಿಗೂ ಅಲ್ಲ, ನಿಮಗ! ಕುರುಡ ಅಂತ ಊರಿಗೆಲ್ಲಾ ಗೊತ್ತದ, ನಿಮಗೊಬ್ರಿಗೆ ಗೊತ್ತಿಲ್ಲ."

"ಬಾಯಿ ಬಿಗಿಹಿಡಿದು ಮಾತಾಡು. ಆ ಒಂದು ದಿನ ಆ್ಯಪ್ ತಪ್ಪು ಹೇಳಿರದಿದ್ರ ನಾ ಇವತ್ತೂ ಗಾಡಿ ಹೊಡೀತಿದ್ದೆ."

"ಆ್ಯಪ್ ತಪ್ಪು ಹೇಳಿತಂತ!" ವೈದೇಹಿ ಬೋಗುಣಿಯನ್ನು ಕಟ್ಟೆಯ ಮೇಲೆ ಕುಕ್ಕಿದರು. "ಸೂರತ್ತಿನಾಗ ನಿಮ್ಮ ಮಗಾ ಒತ್ತಿದಾ, ಗಾಡ್ಯಾಗ ನಿಮ್ಮ ಸೊಸಿ ಒತ್ತಿದ್ಲು, ಬಾಜೂಕ ಕೂತು ನಿಮ್ಮ ಮುದ್ದಿನ ಅಸಿಸ್ಟೆಂಟ್ ಒತ್ತಿದ್ಲು. ಹಿಡದ ಕೊಟ್ಟಾರ ನಿಮ್ಮನ್ನ, ಹಿಡದು!"

ಒಗ್ಗರಣೆ ಹೊತ್ತಿ ಹೊಗೆ ಎದ್ದಿತು. ವೈದೇಹಿ ಒಲೆ ಆರಿಸಿದರು. ವಾಸುದೇವರು ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಕಾಳನ್ನು ಬೆರಳಿನಿಂದ ಮುಟ್ಟಿ ನೋಡುತ್ತ ಹುಳ ಆರಿಸಲು ಕೂತರು.

"ಏನರ ಅನ್ರಿ," ಎಂದರು ವೈದೇಹಿ, ತಾನು ಆಡಿದ್ದಕ್ಕೆ ತಾನೇ ಹೆದರಿ.

"ಏನನ್ಲಿ? ನನಗ ಗೊತ್ತದ ಅಂತ ಮನೂಗ ಹೇಳಬ್ಯಾಡ."

ರವಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಯಶವಂತ್ ಬಂದಿದ್ದ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಚಟ್ನಿ. ಮನಸ್ವಿನಿಗೆಂದು ಅರ್ಪಿತಾ ಬೇರೆ ಅನ್ನ ಮಾಡಿದ್ದಳು. ಯಶವಂತ್ ಸೂರತ್ತಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗದ ಕತೆ ಹೇಳುತ್ತಿದ್ದ.

"ಅಪ್ಪಾ, ನಿಮಗೂ ಈಗ ಆರಾಮ ಅಲ್ಲೇನು? ಟ್ರಾಫಿಕ್ ಇಲ್ಲ, ತ್ರಾಸ ಇಲ್ಲ."

"ಭಾಳ ಆರಾಮ," ಎಂದರು ವಾಸುದೇವರು. ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡರು. "ಆ ಬುಧವಾರದ್ದು ಒಂದು ಮಾತು ಯಾರಿಗೂ ಹೇಳಿಲ್ಲ ನೋಡು ನಾ. ಮನು, ನಿನಗ ನೆನಪದ ಏನು, ಓಣಿ ಬಿಟ್ಟು ರಸ್ತೇಕ್ಕ ಬಂದಾಗ ನೀ ಚೀಲದಾಗ ಏನೋ ಹುಡುಕ್ಲಿಕ್ಕತ್ತಿದ್ದಿ?"

ಹುಡುಗಿಯ ಕೈ ತಾಟಿನಲ್ಲೇ ನಿಂತಿತು.

"ಆಗ ಎದುರಿಗೆ ನಮ್ಮ ಹಾಲಿನ ಮನೋಜ್ ಬಂದ. ಗಾಡಿ ಸಾವಕಾಶ ಮಾಡಿ ಕೈ ಮಾಡಿದ. ಕಾಕಾ, ಬ್ರಿಜ್ ಕೆಳಗೆ ಪೊಲೀಸರಿದ್ದಾರ, ಹೊಳ್ಳಿಸ್ರಿ ಅಂದ. ನನಗ ಗೊತ್ತಿತ್ತು, ಅಲ್ಲೆ ಇದ್ದಾರಂತ."

"ಮಾವಾರ," ಎಂದಳು ಅರ್ಪಿತಾ.

"ತಡಿಯವ್ವಾ. ನಾ ಹೊಳ್ಳಿಸಬೇಕಂತ ಮಾಡಿದ್ದೆ. ಅಷ್ಟರಾಗ ಇಕಿ ಮುಂದ ಯಾರೂ ಇಲ್ಲ ಅಂದ್ಲು. ನಾ ವಿಚಾರ ಮಾಡಿದೆ. ನಾ ಹೊಳ್ಳಿಸಿದ್ರ ಕೂಸು ಸುಳ್ಳು ಹೇಳ್ಯಾಳ ಅಂತಾಗ್ತದ. ಇಕಿನ್ನ ಸುಳ್ಳಿ ಮಾಡೂದಕ್ಕಿಂತ ಹೋಗಿ ಸಿಗೂದ ಚಲೋ. ಅದಕ್ಕ ಹೋದೆ." ರೊಟ್ಟಿಯ ತುತ್ತನ್ನು ಬಾಯಿಗಿಟ್ಟು ಅಗಿದರು. "ನೀ ಹೇಳಿದಿ ಅಂತ ಹೋದೆ ಮನು. ಅವರು ನಕ್ರು. ನಗಲಿ."

ಯಶವಂತ್ ತನ್ನ ತಾಟಿನ ಅಂಚನ್ನು ನೋಡುತ್ತಿದ್ದ. ಮನಸ್ವಿನಿ ಎದ್ದಳು, ಮೋರಿಯವರೆಗೆ ಓಡಿದಳು, ಅಲ್ಲಿ ಉಂಡದ್ದನ್ನೆಲ್ಲ ಕಾರಿಕೊಂಡಳು. ಅರ್ಪಿತಾ ಹಿಂದೆಯೇ ಓಡಿ ಬೆನ್ನು ತಿಕ್ಕಲು ಹೋದರೆ ಹುಡುಗಿ ತಾಯಿಯ ಕೈ ತಳ್ಳಿ, "ತೂ ಪ್ರಾಮಿಸ್ ಮಾಡಿದ್ದೆ! ಪ್ರಾಮಿಸ್ ಮಾಡಿದ್ದೆ!" ಎಂದು ಕಿರುಚಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿತು. ಗಂಡ ಹೆಂಡತಿ ಬಾಗಿಲ ಮುಂದೆ ನಿಂತು ಒಬ್ಬರ ಮೇಲೊಬ್ಬರು ಪಿಸುದನಿಯಲ್ಲಿ ಹರಿಹಾಯತೊಡಗಿದರು.

ಊಟದ ಜಾಗದಲ್ಲಿ ಇಬ್ಬರೇ ಉಳಿದರು. ವೈದೇಹಿ ಗಂಡನ ಮುಖವನ್ನೇ ನೋಡುತ್ತಿದ್ದರು.

"ಮನೋಜ್ ಉತ್ತರಾಯಣಕ್ಕ ಊರಿಗೆ ಹೋದಂವ ಹೋದ ವಾರ ಬಂದಾನ," ಎಂದರು. "ಆವಾಗ ಹಾಲು ಅವನ ತಮ್ಮ ತರ್ತಿದ್ದ."

"ಹೌದಲಾ."

"ಮತ್ತ ಅಂವ ಎಲ್ಲೆ ಸಿಕ್ಕ ನಿಮಗ?"

"ಯಾರೂ ಸಿಕ್ಕಿಲ್ಲ."

ವೈದೇಹಿ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಹಾಕಿದರು. "ಅಯ್ಯೋ, ಹನ್ನೆರಡು ವರ್ಷದ ಕೂಸದು. ನೀವು ಮನಷ್ಯಾರೇನು? ನಾ ಈಗ ಹೋಗಿ ಹೇಳ್ತೀನಿ ಅದಕ್ಕ, ನಿಮ್ಮಜ್ಜ ಸುಳ್ಳು ಹೇಳ್ಯಾರ ಅಂತ."

"ಹೇಳು. ನಾ ಎಲ್ಲೆ ಬ್ಯಾಡ ಅಂದೆ?"

ಅವರು ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಮಗ ಸೊಸೆಯನ್ನು ಸರಿಸಿ, ಬಾಗಿಲಿಗೆ ಬಾಯಿಟ್ಟು, "ಮನು, ಅಜ್ಜಿ ನಾನು. ಅಜ್ಜ ಹೇಳಿದ್ದು ಖರೇ ಅಲ್ಲವ್ವಾ. ಹಾಲಿನಾಂವ ಬಂದೇ ಇರಲಿಲ್ಲ. ಅಜ್ಜಗ ಏನೂ ಗೊತ್ತಿರಲಿಲ್ಲ," ಎಂದರು.

ಮತ್ತೆ ಹೇಳಿದರು. ಮೂರನೆಯ ಸಲ ಹೇಳುವಾಗ ಒಳಗಿನಿಂದ ಒಡೆದ ದನಿ ಬಂತು.

"ಅಜ್ಜಗೆ ಯಾರು ಹೇಳಿದ್ದು, ನಾನು ಒತ್ತಿದ್ದು? ನೀನೇ ಅಲ್ವಾ? ಯಾರಿಗೂ ಹೇಳೋದಿಲ್ಲ ಅಂದಿದ್ದೆ. ತೂ ಭೀ ಝೂಟೀ ಹೈ. ಅಜ್ಜ ಒಬ್ಬರೇ ಝೂಟ್ ಹೇಳೋದಿಲ್ಲ."

ವೈದೇಹಿ ತಿರುಗಿ ಬಂದು ಗಂಡನ ಎದುರು ಕೂತರು. ವಾಸುದೇವರು ತಾಟಿಗೆ ಅನ್ನ ಬಡಿಸಿಕೊಂಡು, ಅದು ಎಲ್ಲಿದೆ ಎಂದು ಬೆರಳಿನಿಂದ ಸವರಿ ನೋಡಿಕೊಳ್ಳುತ್ತಿದ್ದರು.

"ನಂಬಿದ್ಲೇನು?"

"ಇಲ್ಲ."

"ಮಜ್ಜಿಗಿ ಹಾಕು," ಎಂದು ಅವರು ತಾಟನ್ನು ಮುಂದೆ ಸರಿಸಿದರು.